ಸ್ಕ್ರೂ ಸಿಗಿಸಿದ ಪಿಯಾನೋ, ನೂಲು ಇಟ್ಟ ತಂಬೂರಿ

ಸಂಪಾದಕರಿಗೆ ನಮಸ್ಕಾರ,

ಪಿಯಾನೋ ತಂತಿ ಮಧ್ಯ ಸ್ಕ್ರೂ, ರಬ್ಬರ್ ಸಿಗಿಸಿ ನುಡಿಸೋದು ವಾದ್ಯಕ್ಕೆ ಮಾಡೋ ಅಪಚಾರ ಅಂತ ಮೊನ್ನೆ ನಿಮ್ಮ ಪೇಪರಲ್ಲಿ ಒಬ್ರು ಬರ್ದಿದ್ರು. ಅವ್ರ ಸಿಟ್ಟು ನಂಗೆ ಅರ್ಥ ಆಗತ್ತೆ, ಯಾಕಂದ್ರೆ ಹೋದ ಮಳೆಗಾಲ ಕರೆಂಟಿಲ್ಲದ ಒಂದು ರಾತ್ರಿ ಮೊಬೈಲಲ್ಲಿ ಮೊದಲನೇ ಸಲ ಅಂಥದ್ದೊಂದು ಹಾಕ್ದಾಗ ನಾನೂ ಐದೇ ನಿಮಿಷಕ್ಕೆ ಬಂದ್ ಮಾಡಿದ್ದೆ, ಒಳಗಿಂದ ಅಪ್ಪ "ಎಂತದಾ ತಮಾ, ಪಾತ್ರೆ ಬಿತ್ತಾ" ಅಂತ ಕೇಳಿದ್ರು.

ಆದ್ರೆ ಅದು ಅಪಚಾರ ಅಂದ್ರೆ ನಮ್ಮ ತಂಬೂರಿ ಕತೆ ಏನು? ಶಿರಸಿ ಕಡೆ ಹಾಡೋ ಮನೆಯವ್ರಿಗೆಲ್ಲ ಗೊತ್ತಿರತ್ತೆ, ತಂತಿಗಳು ಒರಗಿ ಕೂರೋ ಕುದುರೆ ಮೇಲೆ ತಂತಿ ಅಡಿಗೆ ಒಂದು ನೂಲು ಇಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸ್ತಾ ಹೋದ್ರೆ ಅಲ್ಲಿವರೆಗೂ ಟಣ್ ಅಂತಿದ್ದ ತಂತಿ ಇದ್ದಕ್ಕಿದ್ದಂಗೆ ಝೇಂ ಅಂತ ಬಿಚ್ಕೊಳ್ಳತ್ತೆ. ಮದ್ದಳೆ ಬಲಗಡೆ ಮುಚ್ಚಿಗೆಗೆ ಕಪ್ಪು ಹಾಕೋದೂ ಅದೇ ಬುದ್ಧಿ ಅಲ್ವಾ.

ಪಿಯಾನೋಗೆ ಹೀಗೆ ಸಾಮಾನು ಸಿಗಿಸೋದನ್ನ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಶುರು ಮಾಡಿದ್ದು ಚೇಷ್ಟೆಗಲ್ಲ. 1940ರಲ್ಲಿ ಸಿಯಾಟಲಲ್ಲಿ ಸಿವಿಲ್ಲಾ ಫೋರ್ಟ್ ಅನ್ನೋ ಡಾನ್ಸರ್‌ಗೆ ಸಂಗೀತ ಮಾಡ್ಬೇಕಿತ್ತು, ತಾಳವಾದ್ಯದವ್ರನ್ನ ಕೂರಿಸೋಕೆ ಜಾಗ ಇಲ್ಲ, ಇದ್ದಿದ್ದು ಒಂದು ಪಿಯಾನೋ, ಅದ್ರೊಳಗೇ ಸಾಮಾನು ಸಿಗಿಸಿ ಅದನ್ನೇ ತಾಳವಾದ್ಯ ಮಾಡ್ಕೊಂಡ್ರು. ಆಮೇಲೆ 1946ರಿಂದ 48ರವರೆಗೆ ಬರೆದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ನಲ್ಲಿ 88 ಕೀಗಳಲ್ಲಿ 45ಕ್ಕೆ ಹೀಗೆ, ಯಾವ ತಂತಿಗೆ ಏನು, ಎಷ್ಟು ಇಂಚು ದೂರ ಅಂತ ಪಟ್ಟಿ ಸಮೇತ. ಆ ಕೃತಿ ಹಿಂದೆ ಇದ್ದಿದ್ದು ನಮ್ಮ ರಸಗಳೇ, ಆ ದಿನಗಳಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಅನ್ನೋವ್ರು ಕೇಜ್‌ಗೆ ನಮ್ಮ ಸಂಗೀತ ಹೇಳ್ಕೊಡ್ತಿದ್ರು.

ಕೇಜ್‌ಗೆ ಇಂಪ್ರೊವೈಸೇಶನ್, ಅಂದ್ರೆ ಮೊದಲೇ ಬರ್ದಿಟ್ಕೊಳ್ಳದೆ ಅಲ್ಲೇ ಹುಟ್ಟಿಸಿ ನುಡಿಸೋದು, ಅಷ್ಟು ಸೇರ್ತಿರ್ಲಿಲ್ಲ, ಅದು ಬೇರೆ ಮಾತು. ಅದಕ್ಕೆ ಹಾಗೆ ಅಲ್ಲೇ ಹುಟ್ಟಿಸಿ ನುಡಿಸೋ ಲಂಡನ್ನಿನ ಎಎಂಎಂ ತಂಡದ ಪಿಯಾನೋ ವಾದಕ ಜಾನ್ ಟಿಲ್ಬರಿ ಅವ್ರನ್ನ ಕೇಳಿ. ರಾಗ ಇಲ್ಲ, ತಾಳ ಇಲ್ಲ. ತಾಳಮದ್ದಳೇಲಿ ಅರ್ಥಧಾರಿ ಎಷ್ಟೇ ದೂರ ಹೋದ್ರೂ ಭಾಗವತ್ರು ಪದ ಎತ್ತಿದ್ರೆ ಪ್ರಸಂಗಕ್ಕೆ ವಾಪಸ್ ಬರ್ಲೇಬೇಕು, ಇಲ್ಲಿ ಪ್ರಸಂಗನೇ ಇಲ್ಲ, ಎದುರಿನವ ಏನಂದ ಅಂತ ಕಿವಿ ಕೊಡೋದೊಂದೇ ದಾರಿ. ಕೇಳೋ ನಮಗೂ ಅಷ್ಟೇ. ಎಲ್ಲಾ ಚೆನ್ನಾಗಿರತ್ತೆ ಅಂತ ನಾನೂ ಹೇಳಲ್ಲ, ಕೆಲವೊಂದ್ಸಲ ಅರ್ಧ ಗಂಟೆ ಬರೀ ಬೋರು. ಆದ್ರೂ ನಮ್ ಕಡೆ ಸಂಗೀತ ಸಭೆ ಮಾಡೋರು ವರ್ಷಕ್ಕೊಂದ್ಸಲ ಇಂಥದ್ದನ್ನ ಸ್ಪೀಕರಲ್ಲಿ ಹಾಕಿ ಕೇಳಿಸ್ಲಿ, ಆಮೇಲೆ ಬೈಯೋರು ಬೈಲಿ.

ಮೊನ್ನೆ ಅಟ್ಟದಿಂದ ಹಳೇ ಬುಲ್‌ಬುಲ್ ತರಂಗ ಇಳಿಸಿ ಎರಡು ತಂತಿ ಮಧ್ಯ ಮಗಳ ರಬ್ಬರ್ ಸಿಗಿಸಿ ನೋಡ್ದೆ. ಟೊಕ್ ಅಂತು, ಖಾಲಿ ಡಬ್ಬ ಬಡಿದಂಗೆ. ಅಪ್ಪ ಬಂದು ಪಕ್ಕ ಕೂತ್ರು, ಒಂದ್ನಾಲ್ಕು ಸಲ ಕೇಳಿದ್ರು, ಏನೂ ಹೇಳ್ಲಿಲ್ಲ, ರಬ್ಬರನ್ನ ಉಗುರಲ್ಲಿ ಒಂಚೂರು ಹಿಂದೆ ಸರಿಸಿ "ಈಗ ಹೊಡಿ" ಅಂದ್ರು.

ಇಂತಿ,
ಒಬ್ಬ ಓದುಗ, ಶಿರಸಿ