ಅಪೀಲು ಹಾಕಿದ ಮಾತ್ರಕ್ಕೆ ತೆರಿಗೆ ವಸೂಲಿ ನಿಲ್ಲದು

ಮಾನ್ಯ ಸಂಪಾದಕರೇ,

ಮುಂಬಯಿಯ ತುಳು-ಕನ್ನಡಿಗರಲ್ಲಿ ಹೋಟೆಲು, ಕ್ಯಾಂಟೀನು ನಡೆಸುವವರು ಬಹಳ. ಬಾಕಿ ಕಟ್ಟಿ ಎನ್ನುವ ಆದಾಯ ತೆರಿಗೆಯ ಡಿಮ್ಯಾಂಡ್ ನೋಟಿಸ್ ಬಂದರೆ ಕೆಲವರು ಹೆದರಿ ಪೂರ್ತಿ ಕಟ್ಟಿಬಿಡುತ್ತಾರೆ. ಇನ್ನು ಕೆಲವರು ಅಪೀಲು ಹಾಕಿ ನಿಶ್ಚಿಂತರಾಗುತ್ತಾರೆ. ಬ್ಯಾಂಕ್ ಖಾತೆ ಜಪ್ತಿಯಾದಾಗಲೇ ಎಚ್ಚರ. ಅಪೀಲು ಬೇರೆ, ವಸೂಲಿಗೆ ತಡೆ ಬೇರೆ ಎಂಬುದನ್ನು ಇವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯಡಿಯ ವರ್ಷಗಳಿಗೆ ಕ್ರಮ ಹೀಗಿದೆ. ಸೆಕ್ಷನ್ 156ರ ಈ ಡಿಮ್ಯಾಂಡ್ ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ಸಾಮಾನ್ಯವಾಗಿ 30 ದಿನ. ಆಮೇಲೆ ತಿಂಗಳಿಗೆ ಶೇ. 1ರ ಬಡ್ಡಿ ಏರುತ್ತದೆ. ಮೊದಲ ಅಪೀಲಿಗೂ 30 ದಿನವೇ: ಫಾರ್ಮ್ 35, ಆನ್‌ಲೈನ್‌ನಲ್ಲಿ. ಅಧಿಕಾರಿ ನಿರ್ಧರಿಸಿದ ಆದಾಯ 2 ಲಕ್ಷ ಮೀರಿದರೆ ಶುಲ್ಕ 1,000 ರೂಪಾಯಿ. ನೀವೇ ರಿಟರ್ನ್‌ನಲ್ಲಿ ತೋರಿಸಿದ ಆದಾಯದ ತೆರಿಗೆ ಬಾಕಿಯಿದ್ದರೆ ಅಪೀಲು ದಾಖಲಾಗದು.

ಇದರ ಜೊತೆಗೇ, ತೆರಿಗೆ ನಿರ್ಧರಿಸುವ ಅಸೆಸಿಂಗ್ ಆಫೀಸರಿಗೆ ಸೆಕ್ಷನ್ 220(6)ರಡಿ ತಡೆ ಕೋರಿ ಪ್ರತ್ಯೇಕ ಅರ್ಜಿ ಕೊಡಬೇಕು. ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) 2017ರ ಜುಲೈ 31ರ ಸೂಚನೆಯಂತೆ, ವಿವಾದಿತ ಮೊತ್ತದ ಶೇ. 20 ಕಟ್ಟಿದರೆ ಸಾಮಾನ್ಯವಾಗಿ ಮೊದಲ ಅಪೀಲು ಇತ್ಯರ್ಥವಾಗುವವರೆಗೆ ತಡೆ ಸಿಗುತ್ತದೆ. 5 ಲಕ್ಷದ ವಿವಾದಕ್ಕೆ 1 ಲಕ್ಷ. ಅಷ್ಟನ್ನೂ ಕಟ್ಟಲೇಬೇಕೆಂದು ಕೌಂಟರಿನಲ್ಲಿ ಹೇಳಿದರೆ ಒಪ್ಪಬೇಕಿಲ್ಲ. ಪ್ರಕರಣ ನೋಡಿ ಶೇ. 20ಕ್ಕಿಂತ ಕಡಿಮೆಗೂ ತಡೆ ಕೊಡಬಹುದೆಂದು ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟಪಡಿಸಿದೆ. ಅದೇ ವಿಷಯ ಹಿಂದಿನ ವರ್ಷ ನಿಮ್ಮ ಪರ ತೀರ್ಮಾನವಾಗಿದ್ದರೆ ಆ ಆದೇಶ, ಕೈಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಂತಿನ ವಿವರ ಲಗತ್ತಿಸಿ. ಬರೀ 'ಕಷ್ಟವಿದೆ' ಎಂದು ಬರೆದ ಅರ್ಜಿ ನಿಲ್ಲುವುದಿಲ್ಲ.

ಮೊದಲೇ ಕಡಿತವಾದ ತೆರಿಗೆ (ಟಿಡಿಎಸ್) ಲೆಕ್ಕಕ್ಕೆ ಬಾರದಂಥ ಕಣ್ಣಿಗೆ ಕಾಣುವ ತಪ್ಪಿಗೆ ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕು, ಶುಲ್ಕವಿಲ್ಲ. ಆದರೆ ಅದರ ಉತ್ತರಕ್ಕೆ ಕಾಯುತ್ತಾ ಕೂತವರ ಅಪೀಲಿನ ಗಡುವು ಎಷ್ಟೋ ಸಲ ದಾಟಿಹೋಗಿದೆ. ಸಂದೇಹವಿದ್ದರೆ ಎರಡನ್ನೂ ಹಾಕಿ. ಗಡುವು ಮೀರಿದರೂ ತಡಕ್ಕೆ ತಕ್ಕ ಕಾರಣ, ದಾಖಲೆ ಕೊಟ್ಟು ಮನ್ನಾ ಕೇಳುವ ಹಕ್ಕಿದೆ.

ಮೊದಲ ಅಪೀಲು ಸೋತರೆ ಆ ತಡೆಯೂ ಅಲ್ಲಿಗೇ ಮುಗಿಯಿತು. ಮಹರ್ಷಿ ಕರ್ವೆ ರಸ್ತೆಯ ಪ್ರತಿಷ್ಠಾ ಭವನದಲ್ಲಿರುವ ಆದಾಯ ತೆರಿಗೆ ಅಪೀಲು ಟ್ರಿಬ್ಯೂನಲ್‌ಗೆ ಹೋಗಲು ಆದೇಶ ತಲುಪಿದ ತಿಂಗಳ ಕೊನೆಯಿಂದ ಎರಡು ತಿಂಗಳಿದೆ ನಿಜ, ಆದರೆ ವಸೂಲಿ ಅಲ್ಲಿಯವರೆಗೆ ಕಾಯುವುದಿಲ್ಲ. ಹೊಸ ತಡೆ ಅರ್ಜಿ ಕೂಡಲೇ ಹಾಕಬೇಕು.

ಬಹುತೇಕ ಗಡುವುಗಳು ತಪ್ಪುವುದು ಒಂದೇ ಕಡೆ. ಇಲಾಖೆಯ ಪೋರ್ಟಲ್‌ನಲ್ಲಿ ಮಾಲೀಕರ ಬದಲು ಹಿಂದೆಂದೋ ಬಿಟ್ಟುಹೋದ ಅಕೌಂಟೆಂಟರ ಇಮೇಲ್, ಮೊಬೈಲ್ ಇರುತ್ತದೆ. ನೋಟಿಸ್ ಅಲ್ಲಿಗೆ ಹೋಗುತ್ತದೆ, ದಿನಗಳು ಉರುಳುತ್ತವೆ. ಇಂದೇ ಲಾಗಿನ್ ಆಗಿ ನಿಮ್ಮದನ್ನು ಹಾಕಿ, 'ಪೆಂಡಿಂಗ್ ಆಕ್ಷನ್ಸ್'ನಲ್ಲಿ ಹಳೆಯ ಡಿಮ್ಯಾಂಡ್ ಏನಾದರೂ ಉಳಿದಿದೆಯೇ ನೋಡಿ.

– ತೆರಿಗೆ ಸಲಹೆಗಾರರು, ಡೊಂಬಿವಲಿ