ದೀಕ್ಷೆ ತಗೊಂಡ ಮಗನಿಗೆ ದೊಡ್ಡಮ್ಮನ ಪತ್ರ

ಚಿ. ಪುಟ್ಟನಿಗೆ ಆಶೀರ್ವಾದಗಳು.

ನೀನು ಮಂತ್ರದೀಕ್ಷೆ ತಗೊಂಡೆ ಅಂತ ಕೇಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕೊರೆಯುತ್ತಿದೆ. "ಈ ಕೆಲಸ, ಮನೆ, ಅಪ್ಪನ ಔಷಧಿ, ಇದರಲ್ಲೇ ಸಾಧನೆ ಹಾಳಾಗ್ತಿದೆ ದೊಡ್ಡಮ್ಮ" ಅಂದೆಯಲ್ಲ, ಅದು. ಆಗ ಏನೂ ಹೇಳಲಿಲ್ಲ. ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೆ ಬಾಯಿ ಕಟ್ಟಿತು.

ರಾಮಕೃಷ್ಣ ಪರಮಹಂಸರ ಗೃಹಸ್ಥ ಶಿಷ್ಯರ ಬಗ್ಗೆ ನೀನು ಇನ್ನೂ ಸರಿಯಾಗಿ ಓದಿಲ್ಲ ಅನ್ನಿಸುತ್ತೆ. ಸಂನ್ಯಾಸಿ ಶಿಷ್ಯರ ಕಥೆ ಓದಿದರೆ ಮೈ ಜುಮ್ಮೆನ್ನುತ್ತೆ, ನಿಜ. ಆದರೆ ನೀನು ಅವರ ದಾರಿಯಲ್ಲಿ ಇಲ್ಲ. ನಿನ್ನ ದಾರಿಯಲ್ಲಿ ನಡೆದವರು ದುರ್ಗಾಚರಣ ನಾಗ್, ಎಲ್ಲರೂ ನಾಗ ಮಹಾಶಯ ಅಂತ ಕರೆಯುತ್ತಿದ್ದರು. ಪೂರ್ವ ಬಂಗಾಳದ ನಾರಾಯಣಗಂಜ್ ಹತ್ತಿರದ ದೇವಭೋಗ್ ಎಂಬ ಹಳ್ಳಿಯವರು, 1846ರಲ್ಲಿ ಹುಟ್ಟಿದವರು, ಕಲ್ಕತ್ತೆಯಲ್ಲಿ ಹೋಮಿಯೋಪತಿ ವೈದ್ಯರಾಗಿದ್ದವರು. ಡಾಕ್ಟರು, ವಕೀಲರು, ದಲ್ಲಾಳಿಗಳಿಗೆ ದೇವರ ದಾರಿ ಕಷ್ಟ ಅಂತ ಗುರುಗಳು ಒಮ್ಮೆ ಹೇಳಿದ್ದು ಕಿವಿಗೆ ಬಿದ್ದದ್ದೇ ತಡ, ಔಷಧಿ ಪೆಟ್ಟಿಗೆ, ಪುಸ್ತಕ ಎಲ್ಲ ಒಯ್ದು ಗಂಗೆಗೆ ಹಾಕಿಬಿಟ್ಟರು. ನಿನಗೆ ಈ ಭಾಗ ಇಷ್ಟವಾಗುತ್ತೆ ಅಂತ ಗೊತ್ತು. ಆದರೆ ಅದೇ ಮನುಷ್ಯ ಮನೆ ಬಿಡ್ತೀನಿ, ಅಪ್ಪಣೆ ಕೊಡಿ ಅಂತ ಹೋದಾಗ ಗುರುಗಳು ಒಪ್ಪಲಿಲ್ಲ. ಜನಕರಾಜನ ಹಾಗೆ ಮನೆಯಲ್ಲೇ ಇರು, ಗೃಹಸ್ಥ ಹೇಗಿರಬೇಕು ಅನ್ನೋದನ್ನು ಜನ ನಿನ್ನನ್ನು ನೋಡಿ ಕಲಿಯಲಿ ಅಂದರು. ನಾಗ ಮಹಾಶಯರು ವಾದ ಮಾಡಲಿಲ್ಲ, ಮನೆಗೆ ಹೋದರು, ಮುದಿ ತಂದೆಯ ಸೇವೆ ಮಾಡಿದರು.

ಆ ಮನೆ ಹೇಗಿತ್ತು ಅಂತೀಯ? ಚಾವಣಿ ಸರಿಮಾಡೋಕೆ ಬಂದ ಕೂಲಿಯವರು ಬಿಸಿಲಲ್ಲಿ ಬೇಯೋದು ಅವರಿಗೆ ತಡೆಯುತ್ತಿರಲಿಲ್ಲ, ಕೆಳಗಿಳಿಸಿ ಕೂರಿಸಿ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದರು. ಹೀಗಾದರೆ ಚಾವಣಿ ಎಲ್ಲಿ ರಿಪೇರಿಯಾದೀತು! ಮಳೆ ಹಿಡಿದ ರಾತ್ರಿ ಅತಿಥಿಗಳು ಬಂದರೆ ಸೋರದೇ ಇದ್ದ ಒಂದೇ ಜಾಗ ಅವರಿಗೆ ಬಿಟ್ಟು ಗಂಡ ಹೆಂಡತಿ ಹೊರಗೆ ಜಪ ಮಾಡುತ್ತಾ ಬೆಳಗು ಮಾಡಿದ್ದುಂಟು. ಗುರುಗಳು ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಕಾಲವಲ್ಲದ ಕಾಲದಲ್ಲಿ ನೆಲ್ಲಿಕಾಯಿ ಬೇಕು ಅಂದರು. ಅದನ್ನು ದಿನಗಟ್ಟಲೆ ಹುಡುಕಿ ತಂದವರೂ ಇವರೇ. ಗುರುಗಳಿಗೆ ನೆಲ್ಲಿಕಾಯಿ ಹುಡುಕಿದ ಮನಸ್ಸು, ಕೂಲಿಯವನಿಗೆ ಗಾಳಿ ಹಾಕಿದ ಮನಸ್ಸು ಎರಡೂ ಒಂದೇ ಅಲ್ವಾ. ನಿನ್ನಲ್ಲಿ ಅದು ಎರಡಾಗಿದೆ ಪುಟ್ಟ. ಆಶ್ರಮದಲ್ಲಿ ಪಾತ್ರೆ ತೊಳೀತೀಯ, ಮನೆಯಲ್ಲಿ ನಿನ್ನ ಲೋಟ ನೀನು ಎತ್ತಿಡಲ್ಲ ಅಂತ ನಿನ್ನ ಹೆಂಡತಿ ಹೇಳಿದಳು. ದೂರು ಹೇಳಲಿಲ್ಲ ಅವಳು, ಅಳುತ್ತಾ ಹೇಳಿದಳು.

ಇನ್ನೊಬ್ಬ ಗೃಹಸ್ಥ ಶಿಷ್ಯ ಮಹೇಂದ್ರನಾಥ ಗುಪ್ತರೂ ಹೆಡ್‌ಮಾಸ್ತರು, ಮಕ್ಕಳೊಂದಿಗರು. ಮನೆಯ ಜಗಳಕ್ಕೆ ಬೇಸತ್ತು ಮನೆ ಬಿಟ್ಟು ಬಂದಿದ್ದಾಗಲೇ, 1882ರ ಫೆಬ್ರವರಿಯಲ್ಲಿ, ದಕ್ಷಿಣೇಶ್ವರದಲ್ಲಿ ಅವರಿಗೆ ಗುರುದರ್ಶನವಾಯಿತು. ಸಂಸಾರದಲ್ಲಿ ಹೇಗಿರಬೇಕು ಅಂತಲೇ ಕೇಳಿದರು. ಸಿಕ್ಕ ಉತ್ತರ ನಮ್ಮ ಮನೆ ಹಿತ್ತಲಲ್ಲೇ ಇದೆ ನೋಡು: ಕೈಗೆ ಎಣ್ಣೆ ಹಚ್ಚಿಕೊಂಡು ಹಲಸು ಬಿಡಿಸು, ಮೇಣ ಅಂಟಲ್ಲ. ಹಲಸು ಬಿಸಾಡು ಅನ್ನಲಿಲ್ಲ ಅವರು. ಎಣ್ಣೆ ಅಂದರೆ ದೇವರ ಮೇಲಿನ ಭಕ್ತಿ, ಅದಕ್ಕೆ ಮಾತ್ರ ಆಗಾಗ ಒಂಟಿಯಾಗಿ ಕೂರಬೇಕು. ಬೆಳಿಗ್ಗೆ ಎಲ್ಲರೂ ಏಳೋ ಮುಂಚೆ ಅರ್ಧ ಗಂಟೆ ಜಪ ಮಾಡು, ತಪ್ಪಿಸಬೇಡ. ಮಗು ಅತ್ತರೆ ಏಳು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ನಮ್ಮತ್ತೆ ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ನೀರು ಕೇಳಿದರು. ನಾನು ಕೊನೆಯ ಮಾಲೆ ಮುಗಿಯಲಿ ಅಂತ ಸುಮ್ನೆ ಕೂತೆ. ಎದ್ದು ಹೋಗುವಷ್ಟರಲ್ಲಿ ಅವರು ಕೇಳೋದು ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದರು. ಆಮೇಲೆ ಎಷ್ಟು ಮಾಲೆ ಎಣಿಸಿದರೂ ಆ ಬೆನ್ನು ಕಣ್ಣ ಮುಂದಿಂದ ಹೋಗಲಿಲ್ಲ. ನನ್ನ ಗುರುಗಳಿಗೆ ಹೇಳಿಕೊಂಡೆ. ಅವರು ಬೈಯಲಿಲ್ಲ. "ಮುಂದಿನ ಸಲ ಮಾಲೆ ಕೈಯಲ್ಲೇ ಇರಲಿ, ಎದ್ದು ಹೋಗು" ಅಂದರು, ಅಷ್ಟೇ.

ದುಡ್ಡಿನ ವಿಷಯ. ಸಾಲ ಮಾಡಿ ಕಾಣಿಕೆ ಕೊಟ್ಟೆಯಂತೆ. ಇನ್ನು ಮೇಲೆ ಬೇಡ. ರಾಮಕೃಷ್ಣರ ಸಂನ್ಯಾಸಿ ಶಿಷ್ಯ ಯೋಗಾನಂದರು ಹುಡುಗನಾಗಿದ್ದಾಗ ಅಂಗಡಿಯವನನ್ನು ನಂಬಿ ನೋಡದೇ ಬಾಣಲೆ ತಂದು, ಮನೆಗೆ ಬಂದು ನೋಡಿದರೆ ಅದು ಸೀಳಿತ್ತು. ಭಕ್ತನಾದ ಮಾತ್ರಕ್ಕೆ ಪೆದ್ದನಾಗಬೇಕಾ ಅಂತ ಗುರುಗಳೇ ಗದರಿದರು. ಉಳಿದದ್ದರಲ್ಲಿ ಕೊಡು, ಸಂತೋಷವಾಗಿ ಕೊಡು. ಸಾಲದ ಕಂತು ಕಟ್ಟೋದು ನೀನೊಬ್ಬನೇ ಅಲ್ಲ, ಮನೆಯವರೆಲ್ಲ ಸೇರಿ ಕಟ್ಟುತ್ತಾರೆ.

ಇನ್ನೊಂದು. ದಿನಕ್ಕೆ ಎರಡು ಸಲವೂ ಮನಸ್ಸು ನಿಲ್ಲಲ್ಲ ಅಂತ ಹೆದರಿದ್ದೀಯಲ್ಲ, ನಾಟಕಕಾರ ಗಿರೀಶಚಂದ್ರ ಘೋಷರೂ ಅದನ್ನೇ ಹೇಳಿದ್ದರು, ನನ್ನ ಕೈಲಾಗಲ್ಲ ಅಂತ. ಹಾಗಾದರೆ ನಿನ್ನ ಭಾರ ನನಗೆ ಒಪ್ಪಿಸಿಬಿಡು ಅಂದರು ರಾಮಕೃಷ್ಣರು. ಗಿರೀಶರಿಗೆ ಮೊದಲು ಹಗುರವಾಯಿತು, ಆಮೇಲೆ ತಿಳಿಯಿತು, ಒಪ್ಪಿಸಿದ ಮೇಲೆ "ಇದನ್ನು ನಾನು ಮಾಡ್ತೀನಿ" ಅನ್ನೋಕೂ ಬಾಯಿ ಬರಲ್ಲ ಅಂತ. ಆದರೂ ನಾಟಕ ಬಿಡು ಅಂತ ಗುರುಗಳು ಹೇಳಲಿಲ್ಲ. ನೀನೂ ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದರೆ ಹರಿದುಹಾಕು.

ಈ ಭಾನುವಾರ ಆಶ್ರಮಕ್ಕೆ ಹೊರಡುವಾಗ ಬರ್ತೀಯಾ ಅಂತ ನಿನ್ನ ಹೆಂಡತಿಯನ್ನು ಕೇಳು. ಬರಲ್ಲ ಅಂದರೆ ಬಲವಂತ ಬೇಡ, ಅಪ್ಪನಿಗೆ ರಾತ್ರಿ ಮಾತ್ರೆ ಕೊಡುವ ಹೊತ್ತಿಗೆ ನೀನು ಮನೆಗೆ ಬಂದುಬಿಡು. ಬಂದು ನನಗೆ ಒಂದು ಫೋನ್ ಮಾಡು.

ನಿನ್ನ ದೊಡ್ಡಮ್ಮ