ಗೆಳೆಯನಿಗೊಂದು ಪತ್ರ: ಕತ್ತರಿ ಹಚ್ಚಬೇಡ

ಕಾರವಾರ

ಪ್ರಿಯ ಗೆಳೆಯಾ,

ನಾವೆಲ್ಲ ಇಲ್ಲಿ ಕ್ಷೇಮ. ಶಿರಸಿಯ ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಅಡಿಕೆ ವಖಾರಿಯ ಕಾಗದಪತ್ರಗಳ ಪೆಟ್ಟಿಗೆ ಸಿಕ್ಕಿದೆಯೆಂದೂ, ಅದರಲ್ಲಿ ಆಟೋಟದ ಅಂಚೆ ಚೀಟಿಗಳೇನಾದರೂ ಇದ್ದರೆ ಕತ್ತರಿಸಿ ಕಳಿಸುವೆನೆಂದೂ ನೀನು ತಿಳಿಸಿದ್ದರಿಂದಲೇ ಅವಸರದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಕತ್ತರಿ ಹಚ್ಚಬೇಡ. ಲಕೋಟೆಗಳು ಇದ್ದ ಹಾಗೆಯೇ ಇರಲಿ.

ಅಂಚೆ ಕಚೇರಿಯ ಠಸ್ಸೆ ಬೀಳದ ಹೊಸ ಚೀಟಿಗಳೇ ಶ್ರೇಷ್ಠವೆಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಬಿಡಿಸಿದ್ದು ನಮ್ಮ ಕರಾವಳಿಯ ಆಷಾಢ. ಒಂದು ಮಳೆಗಾಲ ಆಲ್ಬಮ್ ತೆರೆದು ನೋಡುವುದರೊಳಗೆ ಹೊಸ ಚೀಟಿಗಳ ಹಿಂದಿನ ಅಂಟು ತೇವಕ್ಕೆ ಕರಗಿ, ಪುಟಕ್ಕೆ ಕಚ್ಚಿಕೊಂಡಿತ್ತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕಾಗಿ ಬಂದ ಕಬಡ್ಡಿಯ ಚೀಟಿ, ನಾನು ಬಿಡಿಸಲು ಹೋದಾಗ ಎರಡು ಪದರಾಗಿ ಹರಿಯಿತು. ಕಬಡ್ಡಿ ಪದಕದ ಆಟವಾಗಿ ಏಷ್ಯನ್ ಕೂಟ ಸೇರಿದ್ದೇ ಆ ವರ್ಷ. ಕೊಯ್ಲಾದ ಗದ್ದೆಯಲ್ಲಿ ಮೊಣಕಾಲು ತರಚಿಕೊಂಡು ಬೆಳೆದ ನಮಗೆ ಅದು ಬರಿಯ ಕಾಗದವಾಗಿರಲಿಲ್ಲ. ಅದೇ ಆಲ್ಬಮ್ಮಿನಲ್ಲಿದ್ದ, ನೀರಿನಲ್ಲಿ ನೆನೆಸಿ ಅಂಟು ತೊಳೆದಿಟ್ಟ ಹಳೆಯ ಚೀಟಿಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಈಗ ನಿನ್ನ ಪೆಟ್ಟಿಗೆಯ ವಿಷಯ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ ಎರಡಾಣೆ ಮತ್ತು ಹನ್ನೆರಡಾಣೆಯ ಎರಡು ಚೀಟಿಗಳು ಬಂದವು. ಅವುಗಳಲ್ಲಿ ಆಟಗಾರನಿಲ್ಲ, ಉರಿಯುವ ಪಂಜು ಇದೆ. 1966ರಲ್ಲಿ ಬ್ಯಾಂಕಾಕ್ ಏಷ್ಯನ್ ಕೂಟದ ಹಾಕಿ ವಿಜಯಕ್ಕೆ 15 ಪೈಸೆಯದು, 1971ರಲ್ಲಿ ಕ್ರಿಕೆಟ್ ವಿಜಯಗಳಿಗೆ 20 ಪೈಸೆಯದು ಬಂತು. ಎರಡಾಣೆ, 15 ಪೈಸೆ, 20 ಪೈಸೆ ಎಂದರೆ ಆಯಾ ಕಾಲದ ಸಾಧಾರಣ ಪತ್ರದ ದರವೇ. ಆದ್ದರಿಂದ ಅಡಿಕೆಯ ಧಾರಣೆ ತಿಳಿಸಲು ಬರೆದ ಯಾವುದಾದರೂ ಕಾಗದದ ಮೇಲೆ ಅವು ಕುಳಿತಿರುವ ಸಾಧ್ಯತೆಯಿದೆ. ಹನ್ನೆರಡಾಣೆಯದು ಸಿಗುವುದು ಕನಸಿನ ಮಾತು. 1980ರ ಧ್ಯಾನ್ ಚಂದ್ ಚೀಟಿಯನ್ನೂ ಹುಡುಕು.

ಹೀಗೆ ಒಂದು ಸಂದರ್ಭದ ನೆನಪಿಗೆಂದು ತರುವ ಸ್ಮಾರಕ ಚೀಟಿಗಳನ್ನು ನಿತ್ಯಬಳಕೆಯ ಚೀಟಿಗಳಂತೆ ಮತ್ತೆಮತ್ತೆ ಮುದ್ರಿಸುವುದಿಲ್ಲ. ಕೊಂಡವರಲ್ಲಿ ಅನೇಕರು ಅವನ್ನು ಜೋಪಾನವಾಗಿ ಎತ್ತಿಡುತ್ತಾರೆ. ಹಾಗಾಗಿ ಬಿಡಿ ಚೀಟಿಗಳು ಸಿಕ್ಕಾವು, ಪತ್ರದ ಮೇಲೆ ಓಡಾಡಿದವು ಅಪರೂಪ. ಗ್ರೀಸ್ ದೇಶವು 1896ರ ಅಥೆನ್ಸ್ ಒಲಿಂಪಿಕ್ಸ್‌ನ ಖರ್ಚಿಗೆ ನೆರವಾಗಲೆಂದು ಹೊರತಂದ 12 ಚೀಟಿಗಳ ಚಿತ್ರವನ್ನು ಅಂಚೆ ಚೀಟಿಗಳ ಪುಸ್ತಕದಲ್ಲಿ ನೋಡಬಹುದು. ಆದರೆ ಹಾಕಿ ವಿಜಯದ ಚೀಟಿಯ ಮೇಲೆ ಕಳಿಸಿದ ಊರಿನ ಠಸ್ಸೆ, ತಾರೀಖು, ಪಕ್ಕದಲ್ಲಿ ಅಲ್ಲಿಯ ಗುಮಾಸ್ತರ ಮೋಡಿ ಅಕ್ಷರದಲ್ಲಿ ನಿಮ್ಮ ವಖಾರಿಯ ವಿಳಾಸ ಇವೆಲ್ಲ ಒಟ್ಟಿಗಿರುವ ಲಕೋಟೆ ಆ ಅಟ್ಟದಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು? ಕತ್ತರಿಸಿದರೆ ಠಸ್ಸೆಯ ಅರ್ಧವೂ ವಿಳಾಸವೂ ಹೋಗಿ, ಪೇಟೆಯಲ್ಲಿ ಸಿಗುವಂಥದೇ ಒಂದು ಚೀಟಿ ಉಳಿಯುತ್ತದೆ.

ಮಳೆ ಬಿಟ್ಟ ಮೇಲೆ ನೀನೇ ದೇವಿಮನೆ ಘಟ್ಟ ಇಳಿದು ತಂದರೆ ಬಹಳ ಸಂತೋಷ. ಅಂಚೆಗೇ ಹಾಕುವುದಾದರೆ ಎರಡು ರಟ್ಟುಗಳ ನಡುವೆ ಇಟ್ಟು ಹಾಕು. ಮೇಲೆ ಮಾತ್ರ ಕೌಂಟರಿನಲ್ಲಿ ಅಂಚೆ ದರ ಅಚ್ಚು ಮಾಡಿಕೊಡುವ ಕಾಗದದ ಬಿಲ್ಲೆ ಬೇಡ, ಕೇಳಿ ಚೀಟಿಯನ್ನೇ ಹಚ್ಚಿಸು.

ನಿನ್ನ ಗೆಳೆಯ